ಮಾಗಿಯಲ್ಲಿ ಮಲಗುವ ಗಿಡಗಳು

ನಮ್ಮ ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯವರಿಗೆ ಗಿಡದ ಚಿಂತೆ ಶುರುವಾಗುವುದೇ ಬೇಸಿಗೆಯಲ್ಲಿ. ನೀರಿಲ್ಲದೆ ಒಣಗಿದ ಗಿಡವನ್ನು ಎಲ್ಲರೂ ಕಂಡಿದ್ದೇವೆ. ಚಳಿಗೆ ಸೊರಗುವ ಗಿಡದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಬರಗೂರಿನ ನಮ್ಮ ಹಿತ್ತಲಲ್ಲಿ ಕನಕಾಂಬರ, ಕರಿಬೇವು, ವೀಳ್ಯದೆಲೆ ಬಳ್ಳಿ, ಪರಂಗಿ ಸಾಕಿಕೊಂಡು ಬಂದ ನನಗೆ ಗಿಡದ ಸ್ವಭಾವ ತಿಳಿಸಿಕೊಟ್ಟದ್ದು ಮಾತ್ರ ಮಾಗಿಯೇ.

ನೀರು ಹೆಪ್ಪುಗಟ್ಟುವಂಥ ಚಳಿ ನಮ್ಮದಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಿಮ ಬೀಳುವ ದೇಶಗಳಲ್ಲಿ ಎಲೆಯೊಳಗಿನ ನೀರೇ ಗಡ್ಡೆಕಟ್ಟಿ ಗಿಡ ಸಾಯುತ್ತದೆ. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಚಳಿ ಕಾಲಿಡುವ ಮೊದಲೇ ಕರಿಬೇವಿನ ಕುಂಡವನ್ನು ಮನೆಯೊಳಗೆ ಎತ್ತಿಡುತ್ತಾಳೆ. ಅಲ್ಲಿಗೆ ಅದು ಸರಿ. ಇಲ್ಲಿನ ಕಥೆ ಬೇರೆ. ಇಲ್ಲಿ ಬೆಳಗಿನ ಜಾವ ಕೈ ಮರಗಟ್ಟುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಜೊತೆಗೆ ತೇವವಿಲ್ಲದ ಮೂಡಗಾಳಿ ದಿನವಿಡೀ ಬೀಸುತ್ತದೆ. ತಣ್ಣಗಾದ ಮಣ್ಣಿನಲ್ಲಿ ಬೇರು ಚುರುಕಾಗಿ ನೀರು ಹೀರುವುದಿಲ್ಲ. ಎಲೆಯಾದರೋ ಬಿಸಿಲಿಗೂ ಗಾಳಿಗೂ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಕನಕಾಂಬರದ ಎಲೆಯ ಅಂಚು ಮೊದಲು ಒಳಕ್ಕೆ ಮುದುರಿ, ಆಮೇಲೆ ಕಂದಿ, ಮುಟ್ಟಿದರೆ ಗರಗರ ಎನ್ನುವುದು ಇದರಿಂದಲೇ. ಚಳಿ ಹೊಡೆಯಿತು ಎನ್ನುತ್ತೇವೆ, ಆದರೆ ಗಿಡ ಬಾಯಾರಿರುತ್ತದೆ.

ಇದು ಮನಸ್ಸಿಗೆ ಹತ್ತಿದ ಮೇಲೆ ನನ್ನ ಆರೈಕೆಯ ಕ್ರಮವೇ ಬದಲಾಯಿತು. ಮೊದಲು ನೀರಿನ ಹೊತ್ತು. ಸಂಜೆ ನೀರು ಬಿಡುವುದನ್ನು ಮಾಗಿಯಲ್ಲಿ ನಿಲ್ಲಿಸುತ್ತೇನೆ. ಬಿಸಿಲೇರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ, ಬೋರ್‌ವೆಲ್ ನೀರನ್ನು ನೇರವಾಗಿ ಪಾತಿಗೆ ಹಾಯಿಸುತ್ತೇನೆ. ನೆಲದಾಳದಿಂದ ಬರುವ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ. ಅದನ್ನು ತೊಟ್ಟಿಯಲ್ಲಿ ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ ಸುರಿದರೆ ಆ ಬಿಸಿ ಎಲ್ಲಿ ಉಳಿದೀತು? ಒದ್ದೆ ಮಣ್ಣು ಒಣ ಮಣ್ಣಿಗಿಂತ ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಎಲೆಯ ಮೇಲೆ ಮಾತ್ರ ನೀರು ಚಿಮುಕಿಸಬಾರದು. ಇಬ್ಬನಿಯ ಜೊತೆ ಅದೂ ಸೇರಿದರೆ ರೋಗಕ್ಕೆ ದಾರಿ.

ಬುಡಕ್ಕೆ ಮುಚ್ಚಿಗೆಯನ್ನು ಕಾರ್ತಿಕದಲ್ಲೇ, ಮಣ್ಣಲ್ಲಿ ಇನ್ನೂ ತೇವವೂ ಶಾಖವೂ ಇರುವಾಗಲೇ ಹಾಕಬೇಕು. ನಮ್ಮಲ್ಲಿ ಕಡಲೆಕಾಯಿ ಸಿಪ್ಪೆಗೆ ಬರವಿಲ್ಲ. ರಾಗಿ ಹುಲ್ಲು, ತೆಂಗಿನ ಗರಿಯೂ ಆದೀತು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹರಡಿದರೆ ಗೆದ್ದಲಿನ ಕಾಟ ಬೇಗ ಕಣ್ಣಿಗೆ ಬೀಳುತ್ತದೆ.

ಗಾಳಿಗೆ ತಡೆ ಮಾಡುವ ಉಪಾಯವನ್ನು ನಾನು ಹೊಲದಿಂದ ಕಲಿತೆ. ಕಡಲೆಕಾಯಿ ಹೊಲದಲ್ಲಿ ಅಕ್ಕಡಿಯಾಗಿ ಹಾಕಿದ ತೊಗರಿ, ಕಡಲೆಕಾಯಿ ಕಿತ್ತ ಮೇಲೂ ಎದೆಯೆತ್ತರ ನಿಂತಿರುತ್ತದೆ. ಅದರ ಮರೆಯಲ್ಲಿ ಕೂತರೆ ಮೂಡಗಾಳಿ ಸೋಕುವುದಿಲ್ಲ. ಈಗ ಮುಂಗಾರಿನಲ್ಲೇ ಹಿತ್ತಲಿನ ಮೂಡಣ ಅಂಚಿಗೆ ಎರಡು ಸಾಲು ತೊಗರಿ ಬಿತ್ತುತ್ತೇನೆ. ಚಳಿ ಜೋರಾಗಿರುವಷ್ಟು ದಿನ ಅದು ಬೇಲಿ, ಆಮೇಲೆ ಮನೆಗೆ ಬೇಳೆ. ವೀಳ್ಯದೆಲೆ ಬಳ್ಳಿಗೆ ಆಸರೆಯಾದ ಅಗಸೆ, ನುಗ್ಗೆಯ ಕೊಂಬೆಗಳನ್ನೂ ಚಳಿ ಕಳೆಯುವವರೆಗೆ ಸವರಬಾರದು. ಎಲೆ ತೋಟದವರು ಅವನ್ನು ನೆಡುವುದು ಬಳ್ಳಿ ಹಬ್ಬಲಿಕ್ಕೆ ಮಾತ್ರವಲ್ಲ, ನೆರಳಿಗೂ ಮರೆಗೂ ಸಹ.

ಮೇಲಿನಿಂದ ಮುಚ್ಚುವ ಕೆಲಸ ಎಲ್ಲ ರಾತ್ರಿಗೂ ಬೇಡ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿದಿದ್ದರೆ ಆ ಮೋಡವೇ ನೆಲಕ್ಕೆ ಕಂಬಳಿ. ಗಾಳಿ ನಿಂತು ಚುಕ್ಕಿಗಳು ನಿಚ್ಚಳವಾಗಿ ಕಂಡ ರಾತ್ರಿಯೇ ಎಚ್ಚರ ಬೇಕಾದದ್ದು. ನೆಲದ ಶಾಖವೆಲ್ಲ ತೆರೆದ ಆಕಾಶಕ್ಕೆ ಹೋಗಿಬಿಡುತ್ತದೆ, ತಣ್ಣನೆಯ ಗಾಳಿ ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಅಂಥ ದಿನ ಎಳೆಯ ಗಿಡದ ಸುತ್ತ ನಾಲ್ಕು ಕೋಲು ನೆಟ್ಟು ಹಳೆಯ ಹತ್ತಿ ಸೀರೆಯನ್ನೋ ಗೋಣಿತಾಟನ್ನೋ ಹೊದಿಸುತ್ತೇನೆ, ಬಿಸಿಲು ಬಿದ್ದೊಡನೆ ತೆಗೆಯುತ್ತೇನೆ. ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ. ರಾತ್ರಿ ಅದು ತಾಗಿದ ಎಲೆ ತಣ್ಣಗಾಗುತ್ತದೆ, ಹಗಲು ಒಳಗೆ ಗಿಡ ಬೇಯುತ್ತದೆ. ಕುಂಡದ ಗಿಡಗಳನ್ನು ತೆಂಕಣ ಬಿಸಿಲು ಬೀಳುವ ಕಲ್ಲುಗೋಡೆಗೆ ಒತ್ತರಿಸಿಟ್ಟರೆ ಸಾಕು, ಹಗಲು ಕಾದ ಕಲ್ಲು ರಾತ್ರಿಯೂ ಬೆಚ್ಚಗಿರುತ್ತದೆ.

ಇಷ್ಟು ಮಾಡಿದರೂ ಕರಿಬೇವು ಚಿಗುರದೆ ಎಲೆ ಉದುರಿಸಿ ಬರಿಗೊಂಬೆಯಾಗಬಹುದು. ಹದಿನಾರು ಡಿಗ್ರಿಗಿಂತ ಕೆಳಗಿಳಿದರೆ ಅದರ ಮೊಗ್ಗು ಸುಮ್ಮನಾಗುವುದೇ ಸ್ವಭಾವ. ಒಂದು ವರ್ಷ ನಾನು ಗಾಬರಿಯಾಗಿ ಬುಡಕ್ಕೆ ಗೊಬ್ಬರ ಹಿಡಿದು ನಿಂತಾಗ ನಮ್ಮತ್ತೆ ತಡೆದರು: “ಗಿಡ ಸತ್ತಿಲ್ಲ ಕಣಮ್ಮ, ಮಲಗೈತೆ. ಎಬ್ಬಿಸಬ್ಯಾಡ.” ಕೊಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೋರಿಸಿದರು. ಬೂದು ಸಿಪ್ಪೆಯ ಕೆಳಗೆ ಕೂದಲೆಳೆಯಷ್ಟು ಹಸಿರು, ಬೆರಳಿಗೆ ತೇವ, ಘಮ್ಮೆನ್ನುವ ವಾಸನೆ. ಮಲಗಿದ ಗಿಡಕ್ಕೆ ನೀರು ಕಡಿಮೆ ಸಾಕು, ಹೆಚ್ಚಾದರೆ ಬೇರು ಕೊಳೆಯುತ್ತದೆ. ಯೂರಿಯಾವಂತೂ ಹಾಕಲೇಬಾರದು. ಅದರಿಂದ ಬರುವ ಎಳೆ ಚಿಗುರೇ ಚಳಿಗೆ ಮೊದಲ ತುತ್ತು. ದುಂಡುಮಲ್ಲಿಗೆಯ ಲೆಕ್ಕ ಮಾತ್ರ ಬೇರೆ, ನವೆಂಬರ್ ಕೊನೆಗೆ ಸವರಿದರೂ ಅದಕ್ಕೆ ಕೇಡಿಲ್ಲ. ಕನಕಾಂಬರದ ಒಣಗಿದ ತುದಿಗಳನ್ನು ನಾನು ಚಳಿ ಮುಗಿಯುವವರೆಗೆ ಹಾಗೇ ಬಿಡುತ್ತೇನೆ, ಕೆಳಗಿನ ಕಣ್ಣುಗಳಿಗೆ ಅವೇ ಮರೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಸಂಕ್ರಾಂತಿಯ ಹೊತ್ತಿಗೆ ಒಣಗಿದಂತೆ ಕಾಣುವ ಗಿಡವನ್ನು ದಯವಿಟ್ಟು ಕೀಳಬೇಡಿ. ಉಗುರಿನಿಂದ ಕೆರೆದು ನೋಡಿ. ಹಸಿರಿದ್ದರೆ ಯುಗಾದಿಯವರೆಗೆ ಕಾಯಿರಿ.