ಸಾವಯವ ಬೇಳೆಗೆ ಜನ ಯಾಕೆ ಜಾಸ್ತಿ ದುಡ್ಡು ಕೊಡ್ತಾರೆ?

ತೊಗರಿ, ಉದ್ದು, ಹೆಸರು ನಮಗ್ಯಾರಿಗೂ ಹೊಸದಲ್ಲ. ಮುಂಗಾರಿನಲ್ಲಿ ಭಾಲ್ಕಿಯಿಂದ ಯಾವ ದಿಕ್ಕಿಗೆ ಬಸ್ ಹತ್ತಿದರೂ ಕಿಟಕಿಯಲ್ಲಿ ಇವೇ ಕಾಣ್ತಾವ, ಈಗ ಜೊತೆಗೆ ಸೋಯಾ. ಇದೇ ತೊಗರಿ ಬೇಳೆಯಾಗಿ ಹೈದರಾಬಾದ್, ಬೆಂಗಳೂರಿನ ಸೂಪರ್ ಮಾರ್ಕೆಟ್ ಸೇರಿದಾಗ ಎರಡು ತರದ ಪ್ಯಾಕೆಟ್ ಆಗಿರುತ್ತೆ. ಒಂದು ಸಾದಾ. ಇನ್ನೊಂದರ ಮೇಲೆ 'ಆರ್ಗ್ಯಾನಿಕ್' ಅಂತ ಇರುತ್ತೆ, ರೇಟೂ ಜಾಸ್ತಿ. ಕುಕ್ಕರ್‌ಗೆ ಹಾಕಿದರೆ ಎರಡೂ ಹಳದಿ, ಎರಡೂ ಬೇಳೆನೇ. ಹಾಗಾದ್ರೆ ಗ್ರಾಹಕ ಆ ಜಾಸ್ತಿ ದುಡ್ಡಿಗೆ ಏನನ್ನ ಕೊಳ್ತಿದ್ದಾನೆ?

ಕೇಳಿದರೆ ಹೆಚ್ಚಿನವರು ಮೊದಲು ಹೇಳೋದು ಆರೋಗ್ಯ. ಮಣ್ಣು, ನೀರು, ರುಚಿ ಆಮೇಲೆ ಬರ್ತಾವೆ. ಆರೋಗ್ಯದ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಸ್ಟ್ಯಾನ್‌ಫರ್ಡ್‌ನವರು 2012ರಲ್ಲಿ, ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದರು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್‌ನ ತಂಡ, ಇಲ್ಲ, ಆಂಟಿ-ಆಕ್ಸಿಡೆಂಟ್ ಹೆಚ್ಚಿದೆ, ಕ್ಯಾಡ್ಮಿಯಂ ಕಡಿಮೆ ಇದೆ ಅಂತು. ಆದರೆ ಕೀಟನಾಶಕದ ಅಂಶ ಸಾವಯವದಲ್ಲಿ ಕಡಿಮೆ ಸಿಗುತ್ತೆ ಅನ್ನೋದನ್ನ ಇಬ್ಬರೂ ಒಪ್ಪಿದ್ದಾರೆ. ಅಂದರೆ ಗ್ರಾಹಕ ದುಡ್ಡು ಕೊಡ್ತಿರೋದು ಬೇಳೆಯಲ್ಲಿ ಏನೋ 'ಇಲ್ಲ' ಅನ್ನೋದಕ್ಕೆ!

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಕನ್ನಡದ್ದೇ ಊರುಗಳ ಉದಾಹರಣೆ ಇದೆ. ಕಾಸರಗೋಡಿನ ಎಣ್ಮಕಜೆ ಕಡೆ, ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಎಂಡೋಸಲ್ಫಾನ್ ಸುರಿದರು. ತೋಟದ ಕೆಳಗಿನ ಊರುಗಳಲ್ಲಿ ಮಕ್ಕಳಿಗೆ ಬಂದ ಕಾಯಿಲೆಗಳ ಫೋಟೋ ದೇಶವೆಲ್ಲ ನೋಡಿತು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಅದನ್ನ ನೋಡಿದ ಮೇಲೆ ಪ್ಯಾಕೆಟ್ ತಿರುಗಿಸಿ ಓದುವವರನ್ನ 'ಶೋಕಿ' ಅಂತ ನಗೋದು ನಮಗೆ ಸರಿ ಕಾಣಲ್ಲ.

ಈಗ ನಿಜವಾದ ತೊಡಕು. ಅರ್ಥಶಾಸ್ತ್ರದಲ್ಲಿ ವಸ್ತುಗಳನ್ನ ಮೂರು ತರ ಮಾಡ್ತಾರೆ. ಅಂಗಿಯನ್ನ ನೋಡಿಯೇ ತಿಳೀಬಹುದು. ಮೆಸ್ ಊಟ ತಿಂದ ಮೇಲೆ ತಿಳಿಯುತ್ತೆ (ಕೆಲವೊಮ್ಮೆ ಮರುದಿನ). ಮೂರನೆಯದು ಕೊಂಡು, ಬಳಸಿ, ಮುಗಿಸಿದ ಮೇಲೂ ತಿಳಿಯದ ವಸ್ತು. ಡಾರ್ಬಿ ಮತ್ತು ಕಾರ್ನಿ ಎಂಬಿಬ್ಬರು 1973ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ನಾವು ಕನ್ನಡದಲ್ಲಿ 'ನಂಬಿಕೆಯ ಸರಕು' ಅನ್ನೋಣ. ಬೈಕ್ ರಿಪೇರಿ ಇದೇ ಜಾತಿ, ಸಾವಯವ ಬೇಳೆಯೂ ಇದೇ ಜಾತಿ. ಇಂಥ ಕಡೆ ಏನಾಗುತ್ತೆ ಅಂತ ಅಕರ್ಲಾಫ್ 1970ರಲ್ಲೇ ಹಳೆ ಕಾರುಗಳ ಲೆಕ್ಕದಲ್ಲಿ ತೋರಿಸಿದ್ದರು. ಕೊಳ್ಳುವವನಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗದಿದ್ದರೆ ಅವನು ಸುಮಾರಾದ ರೇಟೇ ಕೊಡ್ತಾನೆ, ಆ ರೇಟು ಒಳ್ಳೆ ಮಾಲಿನವನಿಗೆ ಗಿಟ್ಟಲ್ಲ, ಅವನು ಸಂತೆ ಬಿಟ್ಟು ಹೋಗ್ತಾನೆ.

ಇಂಜಿನಿಯರಿಂಗ್ ಓದುವ ನಮಗೆ ತಕ್ಷಣ ಹೊಳೆಯೋದು, ಒಂದು ಸೆನ್ಸರ್ ಮಾಡಿಬಿಡೋಣ! ಆಗಲ್ಲ. ಲ್ಯಾಬ್‌ನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇಟ್ಟರೆ ಕೀಟನಾಶಕದ ಅಂಶ ಸಿಗಬಹುದು. ಆದರೆ ಹೊಲಕ್ಕೆ ಯೂರಿಯಾ ಹಾಕಿದ್ರಾ, ಬಿತ್ತನೆಗೆ ಮೊದಲು ಎಷ್ಟು ತಿಂಗಳು ರಾಸಾಯನಿಕ ಬಿಟ್ಟಿದ್ರು, ಇದನ್ನೆಲ್ಲ ಬೇಳೆ ಹೇಳಲ್ಲ. ಸಾವಯವ ಅನ್ನೋದು ವಸ್ತುವಿನ ಸ್ಪೆಸಿಫಿಕೇಶನ್ ಅಲ್ಲ, ಪ್ರೊಸೆಸ್‌ನ ಸ್ಪೆಸಿಫಿಕೇಶನ್. ಹಾಗಾಗಿ ಹೊಲವನ್ನೇ ಹೋಗಿ ನೋಡಬೇಕು.

ಯಾರು ನೋಡಬೇಕು? ಒಂದು ದಾರಿಯಲ್ಲಿ ಹೊರಗಿನ ಸಂಸ್ಥೆ ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತೆ. ಇದು 2001ರಿಂದ ಇದೆ, ರಫ್ತಿಗೂ ನಡೆಯುತ್ತೆ, ಎರಡು ಎಕರೆಯವನಿಗೆ ಖರ್ಚು ಭಾರ. ಇನ್ನೊಂದರ ಹೆಸರು ಪಿಜಿಎಸ್. ಕನಿಷ್ಠ ಐದು ಜನ ರೈತರು ಗುಂಪು ಕಟ್ಟಿ, ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಾಕ್ಷಿ ಹಾಕ್ತಾರೆ. ಬೀದರ್ ದಾಟಿದರೆ ಸಿಗುವ ಜಹೀರಾಬಾದ್ ಕಡೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು ಜೋಳ, ಸಿರಿಧಾನ್ಯ, ಬೇಳೆಕಾಳು ಇದೇ ತರ ಬೆಳೀತಾರೆ. 2019ರಲ್ಲಿ ಆ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಪಕ್ಕದ ಹೊಲದಾಕೆಯ ಕಣ್ಣು ತಪ್ಪಿಸಿ ಔಷಧ ಹೊಡೆಯೋದು ಅಷ್ಟು ಸುಲಭ ಅಲ್ಲ, ಹಳ್ಳಿಯವರಿಗೆ ಗೊತ್ತು.

ಇನ್ನು ನಮ್ಮ ಮನೆಗಳ ಮಾತು. ಮಾರೋ ತೊಗರಿಗೆ ಕಾಯಿಕೊರಕ ಬಂದರೆ ಔಷಧ ಹೊಡೀತಾರ. ಮನೆಗೆ ಉಣ್ಣೋಕೆ ಅಂತ ಬಿಟ್ಟ ನಾಲ್ಕು ಸಾಲಿಗೆ ಹೊಡೆಯದೆ, ಹಳೆಯವರಂತೆ ಗಿಡ ಅಲ್ಲಾಡಿಸಿ ಹುಳ ಕೆಡವೋರು ಇನ್ನೂ ಅದಾರ. ಅವರಿಗೆ 'ಸಾವಯವ' ಅನ್ನೋ ಪದ ಬೇಕಾಗಿಲ್ಲ, ಹೊಲ ಯಾರದು ಅಂತ ಗೊತ್ತು. ಬೆಂಗಳೂರಿನ ಗ್ರಾಹಕ ಲೇಬಲ್‌ಗೆ ದುಡ್ಡು ಕೊಟ್ಟು ಆ ನಾಲ್ಕು ಸಾಲಿನ ಬೇಳೆಯನ್ನೇ ಕೇಳ್ತಿದ್ದಾನೆ. ಆದರೆ ಇಡೀ ಹೊಲವನ್ನ ಹಾಗೆ ಮಾಡೋಕೆ ಹೋದ ರೈತನಿಗೆ ಮೊದಲ ವರ್ಷಗಳಲ್ಲಿ ಇಳುವರಿ ಬೀಳಬಹುದು, ಸಾವಯವದ ರೇಟೂ ಸಿಗಲ್ಲ. ವಾರ್ಷಿಕ ಬೆಳೆಗೆ ಈ ಬದಲಾವಣೆಯ ಅವಧಿ ಎರಡು ವರ್ಷ. ಮನೆಯಲ್ಲಿ ನಮ್ಮ ಕಾಲೇಜಿನ ಫೀಸೂ ಅದೇ ಹೊಲದಿಂದ ಬರಬೇಕು.

ಪ್ಯಾಕೆಟ್ ಕೊಳ್ಳುವಾಗ ನೋಡಬೇಕಾದ್ದು: 2017ರ ನಿಯಮದ ಪ್ರಕಾರ ಸಾವಯವ ಅಂತ ಮಾರುವ ಪ್ಯಾಕೆಟ್ ಮೇಲೆ ಈ ಎರಡರಲ್ಲಿ ಒಂದು ದೃಢೀಕರಣ ಬೇಕು. ತಾನೇ ಬೆಳೆದು ನೇರ ಗ್ರಾಹಕನಿಗೆ ಮಾರುವ ಸಣ್ಣ ರೈತನಿಗೆ ವಿನಾಯಿತಿ ಇದೆ, ಸಂತೆಯಲ್ಲಿ ಲೇಬಲ್ ಹುಡುಕಬೇಡಿ, ಮಾತಾಡಿಸಿ. 'ಪಿಜಿಎಸ್-ಗ್ರೀನ್' ಅಂತ ಬರೆದಿದ್ದರೆ ಅದು ನಕಲಿ ಅಲ್ಲ. ಆ ಬದಲಾವಣೆಯ ವರ್ಷಗಳ ನಡುವೆ ಇರುವ ರೈತನ ಬೆಳೆ ಅದು.