ಸ್ಥಿತೀಕರಣ: ಮುಂದಾಳಿನ ಮೊದಲ ವ್ರತ

ಮನೆಯನ್ನಾಗಲಿ ಸಮಾಜವನ್ನಾಗಲಿ ಮುನ್ನಡೆಸುವವನಿಗೆ ಬೇಕಾದ ಗುಣ ಯಾವುದು? ವಾಕ್ಚಾತುರ್ಯ, ಐಶ್ವರ್ಯ, ಅಧಿಕಾರ ಎಂದು ಲೋಕವು ಉತ್ತರಿಸುವುದುಂಟು. ಶ್ರಾವಕಾಚಾರವು ಈ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ನೋಡುತ್ತದೆ. ಜೊತೆಯಲ್ಲಿ ನಡೆಯುತ್ತಿದ್ದವನೊಬ್ಬನು ಜಾರಿದಾಗ ಮುಂದೆ ಇರುವವನು ಏನು ಮಾಡಿದನು ಎಂಬುದೇ ಅದರ ಒರೆಗಲ್ಲು. ಪರ್ವದ ದಿನಗಳಲ್ಲಿ ವ್ರತ ಹಿಡಿದವರು ಅನೇಕರು. ಹಿಡಿದ ವ್ರತದಲ್ಲಿ ಎಡವಿದವರೂ ಉಂಟು. ಎಡವಿದವರು ಮರಳಿ ವ್ರತಕ್ಕೆ ಬರುವುದೂ ಬಸದಿಯ ಬಾಗಿಲಿಗೇ ಬೆನ್ನು ತಿರುಗಿಸುವುದೂ ಹೆಚ್ಚಿನಂಶ ಮನೆಯ ಹಿರಿಯರ ಒಂದು ಮಾತಿನಿಂದ ನಿರ್ಧಾರವಾಗುತ್ತದೆ. ಆದುದರಿಂದ ಈ ವಿಷಯವು ಗೃಹಸ್ಥರೆಲ್ಲರ ಅಧ್ಯಯನಕ್ಕೆ ಯೋಗ್ಯವಾಗಿದೆ.

೧. ಎಂಟು ಅಂಗಗಳಲ್ಲಿ ಮುಂದಾಳುತನ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಿರೂಪಿಸಿದ್ದಾರೆ. ನಿಃಶಂಕಿತ, ನಿಃಕಾಂಕ್ಷಿತ, ನಿರ್ವಿಚಿಕಿತ್ಸೆ, ಅಮೂಢದೃಷ್ಟಿ, ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ, ಪ್ರಭಾವನೆ ಎಂಬುವು ಅವು. ಇವುಗಳಲ್ಲಿ ಮೊದಲಿನವು ಹೆಚ್ಚಾಗಿ ಸಾಧಕನ ಸ್ವಂತ ದೃಷ್ಟಿಯನ್ನು ಶುದ್ಧಗೊಳಿಸುತ್ತವೆ. ಕೊನೆಯ ನಾಲ್ಕು ಅವನು ಇತರರೊಡನೆ ಹೇಗೆ ಬಾಳಬೇಕೆಂಬುದನ್ನು ಕಲಿಸುತ್ತವೆ. ಅಶಕ್ತರಿಂದ ಧರ್ಮಮಾರ್ಗಕ್ಕೆ ಬರುವ ನಿಂದೆಯನ್ನು ಮರೆಮಾಡಿ ನಿವಾರಿಸುವುದು ಉಪಗೂಹನ. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಮರಳಿ ನೆಲೆಗೊಳಿಸುವುದು ಸ್ಥಿತೀಕರಣ. ಸಹಧರ್ಮಿಗಳಲ್ಲಿ ಕಪಟವಿಲ್ಲದ ಪ್ರೀತಿಯೇ ವಾತ್ಸಲ್ಯ. ಅಜ್ಞಾನದ ಕತ್ತಲೆಯನ್ನು ಕಳೆದು ಧರ್ಮದ ಮಹಿಮೆಯನ್ನು ಬೆಳಗಿಸುವುದು ಪ್ರಭಾವನೆ.

ಈ ಕ್ರಮವು ಗಮನಾರ್ಹವಾದುದು. ಪ್ರಭಾವನೆಯು ಕೊನೆಯಲ್ಲಿದೆ. ಮೆರವಣಿಗೆ, ಉತ್ಸವ, ಸಭೆ, ಭಾಷಣಗಳೆಲ್ಲ ಅದರ ಹೊರರೂಪಗಳು. ಬಿದ್ದವನ ಮಾನವನ್ನು ಕಾಯದೆ, ಅವನನ್ನು ಎತ್ತಿ ನಿಲ್ಲಿಸದೆ, ಅವನಲ್ಲಿ ಪ್ರೀತಿಯನ್ನಿಡದೆ ನಡೆಸಿದ ಉತ್ಸವವು ಅಡಿಪಾಯವಿಲ್ಲದ ಮಾನಸ್ತಂಭದಂತೆ.

ಕನ್ನಡ ನಾಡಿನ ಜೈನ ಕವಿಗಳು ಈ ಅಂಗಗಳನ್ನು ಕಥೆಗಳ ಮೂಲಕ ಜನರ ಮನೆಗೆ ಮುಟ್ಟಿಸಿದರು. ಮುಳಗುಂದದ ನಯಸೇನನು ಕ್ರಿ.ಶ. 1112ರಲ್ಲಿ ರಚಿಸಿದ ಧರ್ಮಾಮೃತವು ಸಮ್ಯಗ್ದರ್ಶನ, ಅದರ ಎಂಟು ಅಂಗಗಳು ಹಾಗೂ ಐದು ಅಣುವ್ರತಗಳನ್ನು ಹದಿನಾಲ್ಕು ಆಶ್ವಾಸಗಳ ಕಥೆಗಳಲ್ಲಿ ಬೋಧಿಸುತ್ತದೆ. ಕನ್ನಡದಲ್ಲಿ ಸಂಸ್ಕೃತವನ್ನು ಹದವರಿಯದೆ ಬೆರೆಸುವುದನ್ನು ಅವನು ಆಕ್ಷೇಪಿಸಿದನು. ಕೇಳುವವನಿಗೆ ತಿಳಿಯದ ಮಾತಿನಲ್ಲಿ ಬೋಧಿಸಿದರೆ ಬೋಧೆ ಫಲಿಸದು ಎಂಬುದನ್ನು ಬಲ್ಲವನೇ ನಿಜವಾದ ಉಪದೇಶಕನು.

೨. ಜಿನೇಂದ್ರಭಕ್ತ ಶ್ರೇಷ್ಠಿಯ ವಿವೇಕ

ಉಪಗೂಹನಕ್ಕೆ ಪ್ರಸಿದ್ಧನಾದವನು ತಾಮ್ರಲಿಪ್ತಿಯ ಜಿನೇಂದ್ರಭಕ್ತ ಶ್ರೇಷ್ಠಿ. ಅವನ ಪ್ರಾಸಾದದ ಚೈತ್ಯಾಲಯದಲ್ಲಿದ್ದ ಪಾರ್ಶ್ವನಾಥ ಬಿಂಬದ ಮುಕ್ಕೊಡೆಯಲ್ಲಿ ಅಮೂಲ್ಯವಾದ ವೈಡೂರ್ಯವೊಂದಿತ್ತು. ಅದನ್ನು ಅಪಹರಿಸಲೆಂದು ಒಬ್ಬ ಕಳ್ಳನು ಕ್ಷುಲ್ಲಕನ ವೇಷ ಧರಿಸಿದನು. ಕಾಯಕ್ಲೇಶದಿಂದ ದೇಹವನ್ನು ಕೃಶಗೊಳಿಸಿಕೊಂಡು ಊರೂರುಗಳಲ್ಲಿ ತಪಸ್ವಿಯೆಂದು ಹೆಸರು ಪಡೆದನು. ಶ್ರೇಷ್ಠಿಯು ಅವನನ್ನು ನಂಬಿ ರತ್ನದ ರಕ್ಷಣೆಯನ್ನೇ ಅವನಿಗೆ ಒಪ್ಪಿಸಿದನು. ಶ್ರೇಷ್ಠಿಯು ಸಮುದ್ರಯಾನಕ್ಕೆ ಹೊರಟು ಊರ ಹೊರಗೆ ಬೀಡುಬಿಟ್ಟಿದ್ದ ರಾತ್ರಿ ಕಳ್ಳನು ಮಣಿಯನ್ನು ಕದ್ದು ನಡೆದನು. ಮಣಿಯ ಹೊಳಪೇ ಅವನನ್ನು ತೋರಿಸಿಕೊಟ್ಟಿತು. ಕಾವಲಿನವರು ಬೆನ್ನಟ್ಟಲು, ಬೇರೆ ದಾರಿ ಕಾಣದೆ ಅವನು ಶ್ರೇಷ್ಠಿಯ ಬಳಿಗೇ ಓಡಿದನು.

ಶ್ರೇಷ್ಠಿಗೆ ನಿಜವು ತಿಳಿಯಿತು. ಆದರೂ ಈತನು ತನ್ನ ಮಾತಿನಂತೆಯೇ ಮಣಿಯನ್ನು ತಂದಿದ್ದಾನೆಂದು ಹೇಳಿ ಕಾವಲಿನವರನ್ನು ಹಿಂದಕ್ಕೆ ಕಳುಹಿಸಿದನು. ಬಳಿಕ ಏಕಾಂತದಲ್ಲಿ ಆ ವೇಷಧಾರಿಯನ್ನು ಅಲ್ಲಿಂದ ಹೊರಡಿಸಿದನು.

ಈ ಕಥೆಯಲ್ಲಿ ಎರಡು ಪಾಠಗಳುಂಟು. ಮೊದಲನೆಯದು, ಕೃಶವಾದ ಶರೀರವಾಗಲಿ ಎಣಿಕೆಯ ಉಪವಾಸಗಳಾಗಲಿ ತಾವಾಗಿಯೇ ಧರ್ಮವಲ್ಲ. ಕಳ್ಳನೂ ಉಪವಾಸ ಮಾಡಬಲ್ಲನು. ಎರಡನೆಯದು, ಉಪಗೂಹನವೆಂದರೆ ಅಪರಾಧಕ್ಕೆ ಆಶ್ರಯ ಕೊಡುವುದಲ್ಲ. ಶ್ರೇಷ್ಠಿಯು ಕಳ್ಳನ ಕೈಯಲ್ಲಿ ಮಣಿಯನ್ನು ಬಿಡಲಿಲ್ಲ. ಮತ್ತೆ ಅವನನ್ನು ಕಾವಲಿಗೆ ನಿಲ್ಲಿಸಲಿಲ್ಲ. ಒಬ್ಬನ ದೋಷದಿಂದ ಮಾರ್ಗಕ್ಕೆಲ್ಲ ನಿಂದೆ ಬಾರದಂತೆ ಕಾಪಾಡಿದನು, ಅಷ್ಟೇ. ಬಸದಿಯ ಹಣವನ್ನು ಸ್ವಂತಕ್ಕೆ ಬಳಸಿದವನನ್ನೂ, ದುರ್ಬಲರಿಗೆ, ಸ್ತ್ರೀಯರಿಗೆ, ಮಕ್ಕಳಿಗೆ ಹಿಂಸೆ ಮಾಡಿದವನನ್ನೂ ಸಮಾಜದ ಮಾನದ ಹೆಸರಿನಲ್ಲಿ ಮುಚ್ಚಿಡುವುದು ಉಪಗೂಹನವಲ್ಲ. ಅದು ಹಿಂಸೆಗೆ ಅನುಮೋದನೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣವೆಂಬುದನ್ನು ಶ್ರಾವಕರು ಮರೆಯಲಾಗದು.

೩. ವಾರಿಷೇಣನು ಕೈಹಿಡಿದ ಬಗೆ

ಸ್ಥಿತೀಕರಣಕ್ಕೆ ಉದಾಹರಣೆ ವಾರಿಷೇಣ ಮುನಿ. ಅವನು ಶ್ರೇಣಿಕ ಮಹಾರಾಜನಿಗೂ ಚೇಲನಾದೇವಿಗೂ ಜನಿಸಿದ ಮಗನು. ಅವನ ಗೆಳೆಯ ಪುಷ್ಪಡಾಲನು ಆಹಾರದಾನ ಮಾಡಿದ ಮೇಲೆ ಮುನಿಯನ್ನು ಕಳುಹಿಸಿಕೊಡಲೆಂದು ಹಿಂದೆ ನಡೆದವನು, ದಾಕ್ಷಿಣ್ಯದಿಂದ ದೀಕ್ಷೆಯನ್ನೂ ಪಡೆದನು. ಹನ್ನೆರಡು ವರ್ಷ ಕಳೆದರೂ ಅವನ ಮನಸ್ಸಿನಿಂದ ಮಡದಿಯ ನೆನಪು ಅಳಿಯಲಿಲ್ಲ. ಒಮ್ಮೆ ವಿರಹದ ಹಾಡೊಂದನ್ನು ಕೇಳಿ ಅವನು ಮನೆಗೆ ಮರಳಲು ಹೊರಟನು.

ವಾರಿಷೇಣನು ಗದರಲಿಲ್ಲ, ಸಂಘದ ಮುಂದೆ ಅವನನ್ನು ನಿಲ್ಲಿಸಿ ಹೀನೈಸಲೂ ಇಲ್ಲ. ಅವನನ್ನು ಕರೆದುಕೊಂಡು ತನ್ನ ಅರಮನೆಗೇ ನಡೆದನು. ಮಗನು ವ್ರತ ಬಿಟ್ಟು ಬಂದನೇ ಎಂದು ಶಂಕಿಸಿದ ತಾಯಿ ರಾಗಿಗೆ ತಕ್ಕ ಆಸನವೊಂದನ್ನೂ ವೀತರಾಗಿಗೆ ತಕ್ಕ ಆಸನವೊಂದನ್ನೂ ಇರಿಸಿದಳು. ವಾರಿಷೇಣನು ಎರಡನೆಯದರಲ್ಲಿ ಕುಳಿತನು. ತರುವಾಯ ತನ್ನ ಮೂವತ್ತೆರಡು ರಾಣಿಯರನ್ನು ಸರ್ವಾಲಂಕಾರದೊಡನೆ ಬರಮಾಡಿ, ಈ ಯುವರಾಜ ಪದವಿಯನ್ನೂ ಈ ವೈಭವವನ್ನೂ ನೀನೇ ಸ್ವೀಕರಿಸೆಂದು ಗೆಳೆಯನಿಗೆ ಹೇಳಿದನು. ಇಷ್ಟನ್ನು ಬಿಟ್ಟವನ ಎದುರಿನಲ್ಲಿ ತಾನು ಎಷ್ಟು ಅಲ್ಪಕ್ಕಾಗಿ ಹಂಬಲಿಸಿದೆನೆಂದು ಪುಷ್ಪಡಾಲನು ನಾಚಿದನು. ಆ ದಿನದಿಂದ ಅವನ ತಪಸ್ಸು ನಿಜವಾದ ತಪಸ್ಸಾಯಿತು.

ಇಲ್ಲಿ ವಾರಿಷೇಣನ ಮಾತಿಗೆ ಬಲ ಬಂದುದು ಅವನ ಪದವಿಯಿಂದಲ್ಲ, ಅವನ ತ್ಯಾಗದಿಂದ. ತಾನು ಬಿಡದುದನ್ನು ಬಿಡೆಂದು ಇತರರಿಗೆ ಹೇಳುವವನ ಮಾತು ಗಾಳಿಗೆ ಹಾರುತ್ತದೆ. ಇನ್ನೂ ಒಂದು ಅಂಶವುಂಟು. ದಾಕ್ಷಿಣ್ಯಕ್ಕೆ ಹಿಡಿದ ವ್ರತವು ಹನ್ನೆರಡು ವರ್ಷವಾದರೂ ಬೇರೂರಲಿಲ್ಲ. ಹಿರಿಯರ ಮುಖ ನೋಡಿ, ನೆರೆಯವರಿಗಂಜಿ ಹಿಡಿಯುವ ನೋಂಪಿಗಳ ಗತಿಯೂ ಅದೇ.

೪. ಪರ್ವದ ದಿನ ಮನೆಯಲ್ಲಿ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವವು ನಡೆಯುವಾಗ ಒಂದು ಮನೆಯನ್ನು ಊಹಿಸಬಹುದು. ಹೊಸದಾಗಿ ಬಂದ ಸೊಸೆಯು ಅತ್ತೆಯಂತೆ ತಾನೂ ಉಪವಾಸಗಳನ್ನು ಹಿಡಿಯುತ್ತಾಳೆ. ಮೂರನೆಯ ದಿನ ತಲೆ ಸುತ್ತಿ, ಯಾರೂ ಕಾಣದಂತೆ ಒಳಗೆ ಒಂದು ತುತ್ತು ತಿನ್ನುತ್ತಾಳೆ. ಅತ್ತೆಯ ಕಣ್ಣಿಗೆ ಬೀಳುತ್ತಾಳೆ. ಬಸದಿಯಲ್ಲಿ ನಾಲ್ವರ ಎದುರು ಆ ಮಾತನ್ನು ಆಡಿದರೆ ಸೊಸೆಯು ಮುಂದೆ ಉಪವಾಸವನ್ನೂ ಬಿಟ್ಟಾಳು, ಸತ್ಯವನ್ನೂ ಬಿಟ್ಟಾಳು. ಹಾಗಲ್ಲದೆ, “ಮೊದಲ ವರ್ಷ ನನಗೂ ಹೀಗೆಯೇ ಆಗಿತ್ತಮ್ಮ. ಇಂದಿನಿಂದ ಒಪ್ಪೊತ್ತು ಮಾಡು, ನೋಂಪಿ ಎಲ್ಲಿಗೂ ಓಡಿಹೋಗದು” ಎಂದು ಏಕಾಂತದಲ್ಲಿ ಹೇಳಿದರೆ, ಆ ಅತ್ತೆಯು ವಾರಿಷೇಣನ ಮಾರ್ಗದಲ್ಲಿ ನಡೆದಂತಾಯಿತು. ತುತ್ತು ತಿಂದುದು ಅತಿಚಾರವಿರಬಹುದು. ಅದನ್ನು ಮರೆಮಾಚುವ ಅಭ್ಯಾಸವು ಅದಕ್ಕಿಂತ ದೊಡ್ಡ ಹಾನಿ. ಆ ಅಭ್ಯಾಸವನ್ನು ಕಲಿಸುವುದು ಹಿರಿಯರ ಕಟುನುಡಿಯೇ.

ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು, ವೃದ್ಧರು ವೈದ್ಯರ ಸಲಹೆಯಿಲ್ಲದೆ ದೀರ್ಘ ಉಪವಾಸಕ್ಕೆ ಇಳಿಯಬಾರದು. ರಸಪರಿತ್ಯಾಗ, ಏಕಾಶನ, ಮೌನ, ಸ್ವಾಧ್ಯಾಯಗಳೂ ಅವರಿಗೆ ತೆರೆದ ದಾರಿಗಳೇ. ಯಾರಿಗೆ ಯಾವುದು ತಕ್ಕುದೆಂದು ಅರಿಯಲು ಮನೆಯ ಹಿರಿಯರು ಮೊದಲು ಮನೆಯವರನ್ನು ಅರಿತಿರಬೇಕು. ಜನರನ್ನರಿಯದೆ ಕೇವಲ ನಿಯಮವನ್ನು ಅರಿತವನು ಮುಂದಾಳಾಗಲಾರನು.

ಅದೇ ಸೂತ್ರಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಿವೆ. ಅವು ಆಲೋಚನೆಯಿಂದ, ಎಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದರಿಂದ, ಆರಂಭವಾಗುತ್ತವೆ. ಕೊನೆಯದು ಉಪಸ್ಥಾಪನೆ, ಎಂದರೆ ಮರಳಿ ದೀಕ್ಷೆಯಲ್ಲಿ ನಿಲ್ಲಿಸುವುದು. ಸಂಘದಿಂದ ದೂರವಿಡುವ ಪರಿಹಾರವೂ ಪಟ್ಟಿಯಲ್ಲಿದೆ. ಪಟ್ಟಿಯು ಅಲ್ಲಿಗೆ ಮುಗಿಯುವುದಿಲ್ಲ. ಮುನಿಗಳಿಗೆ ಹೇಳಿದ ಈ ಕ್ರಮದಲ್ಲಿ ಗೃಹಸ್ಥರಿಗೂ ಬೆಳಕಿದೆ.

೫. ನಿತ್ಯಜೀವನವೇ ಪಾಠಶಾಲೆ

ಇಂಥ ಗುಣವು ಗ್ರಂಥದಿಂದ ಮಾತ್ರ ಬರುವುದಿಲ್ಲ. ನೀರನ್ನು ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ನೀರಿನ ನೆಲೆಗೆ ಮರಳಿಸುವ ಅಜ್ಜಿಯಿಂದ ಮಗುವು ಕರುಣೆಯನ್ನು ಕಲಿಯುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಮನೆಯವರೆಲ್ಲರ ಊಟವಾಗಬೇಕೆಂದು ಗದ್ದೆಯ ಆಳಿನ ದುಡಿಮೆಯನ್ನೂ ಬೇಗ ಮುಗಿಸಿ ಕಳುಹಿಸುವ ಯಜಮಾನನಿಂದ ನಿಯಮಕ್ಕೂ ದಯೆಗೂ ಇರುವ ನಂಟನ್ನು ಕಲಿಯುತ್ತದೆ. ಜೀವರು ಪರಸ್ಪರ ಉಪಕಾರಿಗಳೆಂಬ ಉಮಾಸ್ವಾತಿಗಳ ಸಿದ್ಧಾಂತವು ಹೀಗೆ ಮನೆಯಲ್ಲಿಯೇ ಕಣ್ಣಿಗೆ ಕಾಣುತ್ತದೆ.

ಇತ್ತೀಚಿನ ಕಾಲದ ಒಂದು ನಿದರ್ಶನವು ಕನ್ನಡ ನಾಡಿನ ಗಡಿಗೆ ಸಮೀಪದಲ್ಲಿಯೇ ಇದೆ. ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ದಿಗಂಬರ ಜೈನ ಮನೆತನವೊಂದರಲ್ಲಿ ಜನಿಸಿದ ಭಾವೂರಾವ್ ಪಾಟೀಲರು ಶಾಲೆಯ ವಿದ್ಯೆಯಲ್ಲಿ ಬಹಳ ಮುಂದೆ ಹೋದವರಲ್ಲ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಉದಾರತೆಯನ್ನು ಹತ್ತಿರದಿಂದ ಕಂಡರು. ಮುಂದೆ ನೇಗಿಲು ಮಾರುವ ಕೆಲಸದಲ್ಲಿ ಹಳ್ಳಿಹಳ್ಳಿ ತಿರುಗುವಾಗ ರೈತರ ಮಕ್ಕಳ ಅನಕ್ಷರತೆಯನ್ನು ಕಣ್ಣಾರೆ ನೋಡಿದರು. ಆ ನಿತ್ಯದ ನೋಟವೇ ಅವರಿಗೆ ಗುರುವಾಯಿತು. 1919ರಲ್ಲಿ ಕಾಲೆ ಎಂಬ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ವಸತಿನಿಲಯವನ್ನು ತೆರೆದರು. ಎಲ್ಲ ಜಾತಿಗಳ ಹುಡುಗರು ಅಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು ಕಲಿತರು.

ಈ ಕಾರ್ಯದ ಅರ್ಧಭಾರವನ್ನು ಹೊತ್ತವರು ಅವರ ಪತ್ನಿ ಲಕ್ಷ್ಮೀಬಾಯಿ. ಸಂಪ್ರದಾಯನಿಷ್ಠ ಮನೆಯಲ್ಲಿ ಬೆಳೆದ ಆ ತಾಯಿಗೆ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಅಡುಗೆಮನೆಯಲ್ಲಿ ಸೇರಿಸಿಕೊಳ್ಳುವುದು ಮೊದಲಿಗೆ ಸುಲಭವಾಗಿರಲಿಲ್ಲ. ದಿನವೂ ಹಸಿದು ಬರುವ ಆ ಮಕ್ಕಳ ಮುಖಗಳೇ ಅವರ ಮನಸ್ಸನ್ನು ಅಗಲಗೊಳಿಸಿದವು. ವಸತಿನಿಲಯದಲ್ಲಿ ದಿನಸಿ ತೀರಿದಾಗ ಅವರು ಒಡವೆಗಳನ್ನು ಕೊಟ್ಟರು. ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಅನ್ನ ಒದಗಿಸಿದರು. 1930ರಲ್ಲಿ ಅವರು ತೀರಿಕೊಂಡರು. ಭಾವೂರಾವ್ ಪಾಟೀಲರಿಗೆ 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ಅದೇ ವರ್ಷ ಅವರೂ ದೇಹ ಬಿಟ್ಟರು. ಪರಿಗ್ರಹಪರಿಮಾಣವನ್ನು ಬಾಯಲ್ಲಿ ಹೇಳುವುದಕ್ಕೂ ಕೊರಳಿನಿಂದ ಬಿಚ್ಚಿ ಕೊಡುವುದಕ್ಕೂ ಇರುವ ಅಂತರವನ್ನು ಈ ದಂಪತಿಗಳ ಬಾಳು ತೋರಿಸುತ್ತದೆ.

೬. ಅಭ್ಯಾಸಕ್ರಮ

ಸ್ಥಿತೀಕರಣವನ್ನು ರೂಢಿಸಿಕೊಳ್ಳಬಯಸುವ ಗೃಹಸ್ಥರು ಈ ನಾಲ್ಕು ನಿಯಮಗಳನ್ನು ಒಂದು ಪರ್ವದ ಮಟ್ಟಿಗಾದರೂ ಪಾಲಿಸಿ ನೋಡಬಹುದು.

ಒಂದು: ಇನ್ನೊಬ್ಬರ ವ್ರತಭಂಗವನ್ನು ಮೂರನೆಯವರ ಮುಂದೆ ಆಡದಿರುವುದು.

ಎರಡು: ತಿದ್ದುವ ಮಾತನ್ನು ಏಕಾಂತದಲ್ಲಿ, ಪಾರಣೆಯಾದ ಮೇಲೆ, ಶಾಂತಚಿತ್ತದಿಂದ ಹೇಳುವುದು. ಹಸಿದವನಿಗೆ ಉಪದೇಶವು ರುಚಿಸದು. ಹಸಿದವನು ಉಪದೇಶಿಸಿದರೂ ಅದರಲ್ಲಿ ಕೋಪ ಬೆರೆಯುವುದುಂಟು.

ಮೂರು: ಮನೆಯವರಿಗೆ ವಿಧಿಸುವ ನಿಯಮವನ್ನು ಮೊದಲು ತಾನು ಪಾಲಿಸುವುದು.

ನಾಲ್ಕು: ರಾತ್ರಿ ಪ್ರತಿಕ್ರಮಣದ ಹೊತ್ತಿನಲ್ಲಿ ಇಂದು ಯಾರಿಂದ ಏನು ಕಲಿತೆನೆಂದು ನೆನೆಯುವುದು. ಅಡುಗೆಯವರು, ಆಳುಗಳು, ಮಕ್ಕಳು ಆ ನೆನಪಿನಲ್ಲಿ ಬಾರದ ದಿನವೆಂದರೆ ಅಂದು ಕಣ್ಣು ಮುಚ್ಚಿ ನಡೆದಂತೆ.

ಉಪವಾಸವು ಅನಂತ ಚತುರ್ದಶಿಗೆ ಮುಗಿಯಬಹುದು, ನೋಂಪಿಯು ಉದ್ಯಾಪನೆಯೊಂದಿಗೆ ಮುಗಿಯಬಹುದು. ಜಾರುವವರ ಕೈಹಿಡಿಯುವ ವ್ರತಕ್ಕೆ ಉದ್ಯಾಪನೆಯಿಲ್ಲ.

ಮನನಕ್ಕೆ ಪ್ರಶ್ನೆಗಳು

ಉಪಗೂಹನಕ್ಕೂ ಅಪರಾಧವನ್ನು ಮುಚ್ಚಿಡುವುದಕ್ಕೂ ಇರುವ ಭೇದವೇನು?

ವಾರಿಷೇಣ ಮುನಿಯು ಗೆಳೆಯನನ್ನು ಅರಮನೆಗೆ ಕರೆದೊಯ್ದುದು ಏಕೆ?

‘ಶಕ್ತಿಗೆ ತಕ್ಕ ತಪಸ್ಸು’ ಎಂಬುದನ್ನು ಮನೆಯ ಪ್ರತಿಯೊಬ್ಬರಿಗೂ ಅನ್ವಯಿಸಿದರೆ ಮುಂದಿನ ಪರ್ವದಲ್ಲಿ ಯಾವ ಯಾವ ಮಾರ್ಪಾಡು ಬೇಕಾದೀತು?

ಕಳೆದ ಪರ್ವದಲ್ಲಿ ವ್ರತ ಬಿಟ್ಟು, ಈ ವರ್ಷ ಬಸದಿಗೆ ಬಾರದೆ ಉಳಿದವರು ಯಾರು? ಅವರ ಮನೆಯ ಬಾಗಿಲನ್ನು ಮೊದಲು ತಟ್ಟಬೇಕಾದವರು ಯಾರು?