ಹಳೆ ಕಾರಿನ ಎ.ಸಿ. ಬಿಚ್ಚುವ ಮುನ್ನ



ಈ ಪಾಠ ಕಾರಿನ ಬಗ್ಗೆ. "ನಮ್ಮ ಮನೇಲಿ ಸೈಕಲ್ಲೇ ಇಲ್ಲ, ಕಾರಿನ ಪಾಠ ನಮಗ್ಯಾಕೆ?" ಅಂತ ನೀವು ಕೇಳಬಹುದು. ಸರಿಯಾದ ಮಾತೇ. ಕಾರು ನಮ್ಮದಲ್ಲ. ಆದರೆ ಕಾರು ಬಿಚ್ಚುವ ಕೈ ನಮ್ಮವರದು. ನಮ್ಮ ಹುಡುಗರು ಗ್ಯಾರೇಜಿಗೆ ಕೆಲಸಕ್ಕೆ ಹೋಗುತ್ತಾರೆ. ಗುಜರಿ ಅಂಗಡಿಯಲ್ಲಿ ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆ ಮಾಡಿ ರಾಶಿ ಹಾಕುವವರಲ್ಲಿ ಹೆಂಗಸರೂ ಇದ್ದಾರೆ. ಹಾಗಾಗಿ ಈ ವಿಷಯ ನಮಗೂ ಸೇರಿದ್ದು.

ಎ.ಸಿ. ಅಂದರೆ ಕಾರಿನ ಒಳಗಡೆ ತಣ್ಣನೆ ಗಾಳಿ ಬಿಡುವ ಯಂತ್ರ. ದುಡ್ಡು ಕೊಟ್ಟು ಹಾಕಿಸಿದ ಎ.ಸಿ.ಯನ್ನು ಯಾರಾದರೂ ಬಿಚ್ಚಿಸುತ್ತಾರಾ? ಬಿಚ್ಚಿಸುತ್ತಾರೆ. ಹಳೆ ಕಾರನ್ನು ಕೊಂಡು ಓಟದ ಪಂದ್ಯಕ್ಕೆ ಸಿದ್ಧ ಮಾಡುವವರು ಬಿಚ್ಚಿಸುತ್ತಾರೆ. ಚೆನ್ನೈ ಹತ್ತಿರ ಮತ್ತು ಕೊಯಮತ್ತೂರಿನಲ್ಲಿ ಕಾರು ಓಟದ ಟ್ರ್ಯಾಕುಗಳಿವೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲೂ ರ‍್ಯಾಲಿ ನಡೆದಿದೆ. ಮಾರುತಿ ಎಸ್ಟೀಮ್ ಅಂತ ಒಂದು ಕಾರು ಇತ್ತು. 1994ರಲ್ಲಿ ಬಂತು, 2007ರಲ್ಲಿ ತಯಾರಿಕೆ ನಿಂತಿತು. ಹಗುರವಾದ ಕಾರು, ಜೋರಾಗಿ ಓಡುತ್ತಿತ್ತು. ರ‍್ಯಾಲಿಯವರಿಗೆ ಅದು ಬಹಳ ಇಷ್ಟ. ಇಂಥ ಕಾರುಗಳಲ್ಲಿ ಮೊದಲು ಬಿಚ್ಚುವ ಸಾಮಾನುಗಳಲ್ಲಿ ಎ.ಸಿ.ಯೂ ಒಂದು.

ಯಾಕೆ? ಭಾರ ಕಡಿಮೆ ಮಾಡೋಕೆ. ಎ.ಸಿ. ಸಾಮಾನೆಲ್ಲ ಸೇರಿ ಸುಮಾರು 20 ಕಿಲೋ ತೂಗುತ್ತದೆ. ನೀರು ತುಂಬಿದ ಕೊಡಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಹೆಚ್ಚಿನ ಭಾರ ಕಾರಿನ ಮೂತಿಯಲ್ಲೇ ಇರುತ್ತದೆ. ಕೊಡ ಹೊತ್ತು ಓಡಿದವರಿಗೆ ಗೊತ್ತು, ಭಾರ ಇಳಿಸಿದರೆ ತಿರುವಿನಲ್ಲಿ ಎಷ್ಟು ಸಲೀಸು ಅಂತ. ಪಂದ್ಯದಲ್ಲಿ ಒಂದೊಂದು ಕ್ಷಣಕ್ಕೂ ಬೆಲೆ. ಆದರೆ ದಿನಾ ಊರಿಗೂ ಪೇಟೆಗೂ ಓಡಾಡುವ ಕಾರಿನ ಎ.ಸಿ. ಕಿತ್ತು ಹಾಕೋದು ನಮಗೆ ಸರಿ ಕಾಣೋದಿಲ್ಲ. ಸ್ವಿಚ್ ಒತ್ತಿ ನಿಲ್ಲಿಸಿದರೆ ಸಾಕು. ಆಗ ಅದು ಇಂಜಿನ್ನಿನ ಶಕ್ತಿಯನ್ನು ತಿನ್ನೋದಿಲ್ಲ.

ತಂಪು ಎಲ್ಲಿಂದ ಬರುತ್ತೆ?

ಇಂಜೆಕ್ಷನ್ ಕೊಡುವ ಮುನ್ನ ನರ್ಸಮ್ಮ ತೋಳಿಗೆ ಸ್ಪಿರಿಟ್ ಹಚ್ಚುತ್ತಾರಲ್ಲ? ಆಗ ತಣ್ಣಗಾಗುತ್ತದೆ. ಸ್ಪಿರಿಟ್ ಆರುವಾಗ ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರೋದೂ ಹೀಗೇ. ಗಡಿಗೆ ಬೆವರುತ್ತದೆ, ಬೆವರು ಆರುತ್ತದೆ, ನೀರು ತಂಪಾಗುತ್ತದೆ.

ಎ.ಸಿ.ಯ ಗುಟ್ಟೂ ಇದೇ. ಕೊಳವೆಯೊಳಗೆ ಒಂದು ಗ್ಯಾಸ್ ಇರುತ್ತದೆ. ಇಂಜಿನ್ನಿನ ಪಕ್ಕ ಕಂಪ್ರೆಸರ್ ಅನ್ನೋ ಪಂಪು ಇದೆ. ಬೆಲ್ಟ್ ಅದನ್ನು ತಿರುಗಿಸುತ್ತದೆ. ಅದು ಗ್ಯಾಸನ್ನು ಅದುಮುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುವ ಹಾಗೆ, ಅದುಮಿದ ಗ್ಯಾಸು ಬಿಸಿಯಾಗುತ್ತದೆ. ಕಾರಿನ ಮೂತಿಯಲ್ಲಿ ಜಾಲರಿಯಂಥ ಒಂದು ಭಾಗ ಇದೆ. ಅದಕ್ಕೆ ಕಂಡೆನ್ಸರ್ ಅಂತಾರೆ. ಅಲ್ಲಿ ಎದುರುಗಾಳಿಗೆ ಗ್ಯಾಸಿನ ಬಿಸಿ ಇಳಿದು ಅದು ನೀರಿನ ಹಾಗೆ ಆಗುತ್ತದೆ. ಆಮೇಲೆ ಸಣ್ಣ ತೂತಿನಿಂದ ನುಗ್ಗಿ ಡ್ರೈವರ್ ಮುಂದಿನ ಹಲಗೆಯ ಒಳಗಿನ ಇನ್ನೊಂದು ಜಾಲರಿಗೆ ಬರುತ್ತದೆ. ಅಲ್ಲಿ ಮತ್ತೆ ಕುದಿದು ಆವಿಯಾಗುತ್ತದೆ. ಹಾಗೆ ಕುದಿಯುವಾಗ ಕಾರಿನೊಳಗಿನ ಬಿಸಿಯನ್ನು ಹೀರುತ್ತದೆ. ಫ್ಯಾನು ಆ ತಂಪನ್ನು ನಮ್ಮ ಕಡೆ ಊದುತ್ತದೆ.

ಕುದಿಯೋದು ಅಂದ ಕೂಡಲೇ ಬಿಸಿ ಅಂದುಕೊಳ್ಳಬೇಡಿ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಈ ಗ್ಯಾಸು ಬಯಲಿನಲ್ಲಿ ಬಿಟ್ಟರೆ ಮಂಜುಗಡ್ಡೆಗಿಂತ ತಣ್ಣಗಿರುವಾಗಲೇ, ಸೊನ್ನೆಗಿಂತ 26 ಡಿಗ್ರಿ ಕೆಳಗೆ, ಕುದಿಯುತ್ತದೆ. ಅಪಾಯ ಇರೋದೇ ಇಲ್ಲಿ.

ಅಂಕಿ ಓದಲು ಬರುತ್ತಾ?

ಬರುತ್ತೆ. ಈಗ ನಿಮಗೆ ಬರುತ್ತೆ. ಕಾರಿನ ಬಾನೆಟ್ ಎತ್ತಿದರೆ ಒಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ಇಂಗ್ಲಿಷ್ ಬಾರದಿದ್ದರೂ ಪರವಾಗಿಲ್ಲ, ಅಂಕಿ ನೋಡಿ. 12 ಅಂತ ಇದ್ದರೆ ಅದು ತುಂಬ ಹಳೆಯ ಗ್ಯಾಸು, ಆರ್-12. 134 ಅಂತ ಇದ್ದರೆ 1990ರ ದಶಕದ ನಡುವಿನಿಂದ ಹೊಸ ಕಾರುಗಳಿಗೆ ತುಂಬಿದ ಗ್ಯಾಸು. 1234 ಅಂತ ಇದ್ದರೆ ಅದು ಇತ್ತೀಚಿನದು, ಬೆಂಕಿ ಹಿಡಿಯಬಲ್ಲದು. ಹಳೆ ಕಾರಿಗೆ ನಡುವೆ ಯಾರಾದರೂ ಬೇರೆ ಗ್ಯಾಸು ತುಂಬಿರಬಹುದು. ಆದ್ದರಿಂದ ಚೀಟಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಓದದೇ ಕೈ ಹಾಕೋದಕ್ಕಿಂತ ಓದಿ ಕೈ ಹಾಕೋದು ಮೇಲು.

ಆರ್-12 ಗ್ಯಾಸಿಗೆ ಒಂದು ಕಥೆಯೇ ಇದೆ. ಅದು ವಾಸನೆ ಇಲ್ಲದ, ಉರಿಯದ ಗ್ಯಾಸು. ಬಹಳ ಒಳ್ಳೆಯದು ಅಂತ ಜಗತ್ತೆಲ್ಲ ನಂಬಿತ್ತು. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಮಾತು ಹೇಳಿದರು. ಈ ಗ್ಯಾಸು ನಿಧಾನವಾಗಿ ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆ ಅಂದರು. ಓಜೋನ್ ಪದರ ಅಂದರೆ ಭೂಮಿಗೆ ಹಿಡಿದ ಕೊಡೆ. ಬಿಸಿಲಿನಲ್ಲಿರುವ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದೆ. ಆ ಕಿರಣ ಹೆಚ್ಚಾದರೆ ಚರ್ಮದ ಕ್ಯಾನ್ಸರ್ ಬರಬಹುದು, ಕಣ್ಣಿಗೆ ಪೊರೆ ಬರಬಹುದು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ದಕ್ಷಿಣ ಧ್ರುವದ ಮೇಲೆ ಈ ಪದರ ತೀರಾ ತೆಳ್ಳಗಾಗಿರೋದನ್ನು ಕಂಡರು. 1987ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ಭಾರತ 1992ರಲ್ಲಿ ಸೇರಿತು. ಆ ಇಬ್ಬರಿಗೂ, ಅವರ ಜೊತೆ ಕ್ರುಟ್ಜೆನ್ ಎಂಬವರಿಗೂ 1995ರಲ್ಲಿ ನೊಬೆಲ್ ಬಹುಮಾನ ಬಂತು. ಎಲ್ಲರೂ ಒಪ್ಪಿ ನಡೆದದ್ದರಿಂದ ಕೊಡೆಯ ತೂತು ಈಗ ನಿಧಾನಕ್ಕೆ ಮುಚ್ಚಿಕೊಳ್ಳುತ್ತಿದೆ.

134 ಗ್ಯಾಸು ಓಜೋನಿಗೆ ಕೆಡಕು ಮಾಡೋದಿಲ್ಲ. ಆದರೆ ಭೂಮಿಯ ಕಾವು ಏರಿಸುತ್ತದೆ. ಇದರ ಒಂದು ಕಿಲೋ, 1,300 ಕಿಲೋ ಇಂಗಾಲದ ಹೊಗೆಗೆ ಸಮ. ಕಾರಿನಲ್ಲಿ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಇರುತ್ತದೆ.

ಗ್ಯಾರೇಜಿನಲ್ಲಿ ಏನು ನಡೆಯುತ್ತೆ?

ತಾಯಿ ಮಗ ಹೀಗೆ ಮಾತಾಡಿದರು ಅಂತ ಇಟ್ಟುಕೊಳ್ಳೋಣ.

"ಏನಪ್ಪಾ, ಗ್ಯಾಸು ಎಳೆಯೋ ಮಿಷನ್ನು ಇದೆಯಾ ನಿಮ್ಮ ಗ್ಯಾರೇಜಲ್ಲಿ?"

"ಇಲ್ಲಮ್ಮ. ನಟ್ಟು ಸಡಿಲ ಮಾಡು ಅಂತಾರೆ ಮೇಸ್ತ್ರಿ. ಬುಸ್ ಅಂತ ಹೋಗುತ್ತೆ. ಐದು ನಿಮಿಷ ಆ ಕಡೆ ನಿಂತ್ಕೋತೀವಿ."

"ಗುಂಡಿಯೊಳಗೆ ಇಳಿದು ಬಿಚ್ಚಿದೀಯಾ?"

"ಒಂದೊಂದು ಸಲ."

"ಕಣ್ಣಿಗೆ ಕನ್ನಡಕ?"

ಮಗ ಸುಮ್ಮನಾದ.

ಆ ತಾಯಿ ಕೇಳಿದ ಮೂರು ಪ್ರಶ್ನೆಯೂ ಸರಿ. ಬುಸ್ ಅಂತ ಬರುವ ಗ್ಯಾಸು ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋಗಬಹುದು. ಈ ಗ್ಯಾಸು ಗಾಳಿಗಿಂತ ಭಾರ. ಗ್ಯಾರೇಜಿನ ಗುಂಡಿಯಲ್ಲಿ ಕೆಳಗೆ ನಿಲ್ಲುತ್ತದೆ. ವಾಸನೆ ಗೊತ್ತಾಗೋದಿಲ್ಲ, ಉಸಿರು ಕಟ್ಟುತ್ತದೆ. ಇನ್ನೊಂದು ಅಪಾಯ ಬೆಂಕಿಯದು. ಆರ್-12 ಉರಿಯೋದಿಲ್ಲ ನಿಜ, ಆದರೆ ವೆಲ್ಡಿಂಗ್ ಬೆಂಕಿಗೆ ತಾಗಿದರೆ ಘಾಟಿನ ವಿಷದ ಹೊಗೆ ಆಗುತ್ತದೆ. ಪಕ್ಕದಲ್ಲಿ ಬೀಡಿ ಸೇದುವುದೂ ಬೇಡ.

ಸರಿಯಾದ ಕ್ರಮ ಹೀಗಿದೆ. ಮೊದಲು ಕಾರನ್ನು ಎ.ಸಿ. ಅಂಗಡಿಗೆ ಒಯ್ಯಬೇಕು. ಅಲ್ಲಿ ಮಿಷನ್ನು ಗ್ಯಾಸನ್ನೆಲ್ಲ ಎಳೆದು ಸಿಲಿಂಡರಿಗೆ ತುಂಬುತ್ತದೆ. ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ನಟ್ಟಿಗೆ ಸ್ಪ್ಯಾನರ್ ಹಾಕಬೇಕು. ಬ್ಯಾಟರಿಯ ತಂತಿಯನ್ನೂ ತೆಗೆದಿರಬೇಕು. ಆಮೇಲೆ ಕೊಳವೆ, ಕಂಪ್ರೆಸರ್, ಕಂಡೆನ್ಸರ್ ಒಂದೊಂದಾಗಿ ಹೊರಗೆ ಬರುತ್ತವೆ. ಬಿಚ್ಚಿದ ಬಾಯಿಗಳನ್ನು ಕೂಡಲೇ ಬಿರಡೆ ಹಾಕಿ ಮುಚ್ಚಬೇಕು, ಇಲ್ಲದಿದ್ದರೆ ತೇವ ಸೇರಿ ಸಾಮಾನು ಹಾಳು. ಕಾರಿನ ಮಾಲೀಕ ಮುಂದೆ ಮಾರುವಾಗ "ಎ.ಸಿ. ಎಲ್ಲಿ?" ಅಂತ ಕೇಳೇ ಕೇಳುತ್ತಾರೆ. ಸುತ್ತಿ ಇಟ್ಟರೆ ಮತ್ತೆ ಕೂರಿಸಬಹುದು.

ಬೆಲ್ಟಿನ ಕಡೆಯೂ ಗಮನ ಬೇಕು. ಕೆಲವು ಕಾರುಗಳಲ್ಲಿ ಒಂದೇ ಬೆಲ್ಟು ಎ.ಸಿ. ಪಂಪನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಅಂಥ ಕಡೆ ಎ.ಸಿ. ಪಂಪು ತೆಗೆದರೆ ಗಿಡ್ಡ ಬೆಲ್ಟು ಹಾಕಬೇಕು, ಇಲ್ಲವೇ ಖಾಲಿ ತಿರುಗುವ ಗಾಲಿ ಕೂರಿಸಬೇಕು. ಇದನ್ನು ಮರೆತರೆ ಇಂಜಿನ್ ಕಾದು ದಾರಿಯಲ್ಲೇ ನಿಲ್ಲುತ್ತದೆ.

ಇನ್ನು ತೂತುಗಳ ಮಾತು. ಕೊಳವೆ ಹಾದು ಬಂದ ಕಡೆ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ತೂತು ಉಳಿಯುತ್ತದೆ. ಸಣ್ಣದು ಅಂತ ಹಾಗೇ ಬಿಡುತ್ತಾರೆ. ಆ ತೂತಿನಿಂದ ಇಂಜಿನ್ನಿನ ಹೊಗೆ ಒಳಗೆ ಬರಬಹುದು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಕಣ್ಣಿಗೆ ಕಾಣೋದಿಲ್ಲ, ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. ರಬ್ಬರ್ ಬಿರಡೆಗೆ ಹೆಚ್ಚು ದುಡ್ಡೇನೂ ಬೇಡ. ಹಾಗೇ ಫ್ಯಾನು ಮತ್ತು ಹೀಟರನ್ನು ತೆಗೆಯಬಾರದು. ಮಳೆಗಾಲದಲ್ಲಿ ಗಾಜಿಗೆ ಹಬೆ ಕಟ್ಟಿದಾಗ ಅವು ಬೇಕು.

ಗುಜರಿಯಲ್ಲಿ ಕೆಲಸ ಮಾಡುವ ಅಕ್ಕಂದಿರಿಗೆ

ಹಳೆ ಕಾರು ಮಳೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಎ.ಸಿ.ಯಲ್ಲಿ ಗ್ಯಾಸು ಇರಬಹುದು. ಕೊಳವೆ ಕತ್ತರಿಸದೆ ಹಾಗೇ ಇದ್ದರೆ ಒಳಗೆ ಗ್ಯಾಸಿದೆ ಅಂತಲೇ ತಿಳಿಯಿರಿ. ಸುತ್ತಿಗೆಯಿಂದ ಹೊಡೆಯಬೇಡಿ, ಬೆಂಕಿಗೆ ಹಾಕಬೇಡಿ. ಮಾಲೀಕರಿಗೆ ಹೇಳಿ, ಎ.ಸಿ. ಅಂಗಡಿಯವರನ್ನು ಕರೆಸಿ. "ನಾವು ಹೇಳಿದರೆ ಕೇಳ್ತಾರಾ?" ಅನ್ನಬಹುದು. ಒಬ್ಬರೇ ಹೇಳಿದರೆ ಕೇಳದಿರಬಹುದು. ನಾಲ್ಕು ಜನ ಸೇರಿ ಹೇಳಿ.

ಫ್ರಿಜ್ಜಿಗೂ ಇದೇ ಮಾತು. ಅದರ ಹಿಂದಿನ ಚೀಟಿಯಲ್ಲಿ 600 ಅಂತ ಇದ್ದರೆ ಒಳಗಿರುವುದು ಅಡಿಗೆ ಗ್ಯಾಸಿನ ಜಾತಿಯದ್ದು. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಗ್ಯಾಸು ಚರ್ಮಕ್ಕೆ ತಾಗಿದರೆ ಉಜ್ಜಬೇಡಿ. ಕುದಿನೀರು, ಬಿಸಿ ಶಾಖ ಕೊಡಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಡಿ. ಕಣ್ಣಿಗೆ ತಾಗಿದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ಹಾಗೇ ಆಸ್ಪತ್ರೆಗೆ ಓಡಿ. ಗುಂಡಿಯಲ್ಲಿ ಯಾರಾದರೂ ಕುಸಿದರೆ ಅವರ ಹಿಂದೆ ನೀವೂ ಇಳಿಯಬೇಡಿ. ಜನ ಕೂಗಿ. ಬಾಗಿಲು ಕಿಟಕಿ ತೆಗೆದು ಗಾಳಿ ಆಡಿಸಿ. 108ಕ್ಕೆ ಫೋನ್ ಮಾಡಿ.

ಓದಿ, ಬರೆಯಿರಿ

1. ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ?
2. 12, 134, 600: ಈ ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ. ಯಾವುದು ಫ್ರಿಜ್ಜಿನದು?
3. ನಟ್ಟು ಸಡಿಲಿಸುವ ಮುನ್ನ ಗೇಜಿನ ಮುಳ್ಳು ಎಲ್ಲಿರಬೇಕು?
4. ನಿಮ್ಮ ಊರಿನಲ್ಲಿ ಫ್ರಿಜ್ ರಿಪೇರಿ ಮಾಡುವವರ ಹತ್ತಿರ ಗ್ಯಾಸು ಎಳೆಯುವ ಮಿಷನ್ನು ಇದೆಯೇ? ಹೋಗಿ ಕೇಳಿ ಬನ್ನಿ. ಅವರು ಹೇಳಿದ್ದನ್ನು ಎರಡು ಸಾಲು ಬರೆಯಿರಿ.